ಒಂಟೆಗೆ ದಾರಿ ಸಿಕ್ಕಿತು, ಆಟ ಡ್ರಾ ಆಯಿತು

ಡ್ರಾ ಆದ ಚೆಸ್ ಆಟದ ಬಗ್ಗೆ ಮನೆಯಲ್ಲಿ ಹೇಳುವುದು ಕಷ್ಟ. "ಯಾರು ಗೆದ್ದರು?" ಅಂತ ಕೇಳುತ್ತಾರೆ. "ಡ್ರಾ" ಅಂದರೆ "ಅಯ್ಯೋ, ಮೂರು ಗಂಟೆ ಕೂತು ಏನೂ ಆಗಲಿಲ್ವಾ?" ಅಂತಾರೆ. ಏನೇನಾಯಿತು ಅಂತ ಹೇಳಲು ಹೊರಟರೆ ಅಷ್ಟು ಹೊತ್ತಿಗೆ ಅವರು ಅಡುಗೆಮನೆಗೆ ಹೋಗಿರುತ್ತಾರೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ನಿವೃತ್ತ ಗಣಿತ ಮೇಷ್ಟ್ರೊಬ್ಬರಿದ್ದಾರೆ. ಭಾನುವಾರ ತಿಂಡಿ ಮುಗಿದ ಮೇಲೆ ಅವರ ಮನೆ ಜಗಲಿಯಲ್ಲಿ ಬೋರ್ಡ್ ಹಾಸುತ್ತೇವೆ. ಇಬ್ಬರೂ ಹವ್ಯಾಸಿಗಳು. ರೇಟಿಂಗ್ ಇಲ್ಲ, ಪಂದ್ಯಾವಳಿ ಇಲ್ಲ. ಆದರೆ ಮೇಷ್ಟ್ರದ್ದು ಒಂದು ಶಿಸ್ತು: ಪ್ರತಿ ನಡೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹಾಗಾಗಿ ಆ ದಿನದ ಆಟ ಈಗಲೂ ನನ್ನ ಮುಂದಿದೆ. ಅವರದು ಬಿಳಿ, ನನ್ನದು ಕಪ್ಪು. ಪುಟದ ಕೊನೆಯಲ್ಲಿ ಇಬ್ಬರ ಹೆಸರಿನ ಮುಂದೂ ½ ಅಂತ ಬರೆದಿದೆ.

ಬೋರ್ಡ್ ಇದ್ದರೆ ತೆಗೆದಿಟ್ಟುಕೊಳ್ಳಿ. ಮನೆಗಳ ಹೆಸರು ಸುಲಭ. ಉದ್ದದ ಸಾಲುಗಳಿಗೆ ಬಿಳಿಯವರ ಎಡಗಡೆಯಿಂದ ಎ, ಬಿ, ಸಿ ಅಂತ ಎಚ್ ವರೆಗೆ ಹೆಸರು. ಅಡ್ಡ ಸಾಲುಗಳಿಗೆ ಬಿಳಿಯವರ ಕಡೆಯಿಂದ 1ರಿಂದ 8. ಬಿಳಿ ರಾಣಿ ನಿಲ್ಲುವುದು ಡಿ1ರಲ್ಲಿ, ಅದರ ಮುಂದಿನ ಕಾಲಾಳು ಡಿ2ರಲ್ಲಿ. ಕಾಯಿಗಳಿಗೆ ನಾವು ಮನೆಯಲ್ಲಿ ಹೇಳುವ ಹೆಸರನ್ನೇ ಬಳಸುತ್ತೇನೆ: ಮೂಲೆಯಲ್ಲಿ ಆನೆ, ಪಕ್ಕದಲ್ಲಿ ಕುದುರೆ, ಅದರ ಪಕ್ಕದಲ್ಲಿ ಓರೆಯಾಗಿ ಓಡುವ ಒಂಟೆ.

ಮೇಷ್ಟ್ರು ಡಿ2ರ ಕಾಲಾಳನ್ನು ಎರಡು ಮನೆ ಮುಂದೆ ಇಟ್ಟರು. 1. ಡಿ4. ನಾನೂ ಎದುರಿಗೆ ಡಿ5. ಆಮೇಲೆ ಅವರು 2. ಸಿ4.

ಈ ಎರಡನೇ ನಡೆಯೇ ಕ್ವೀನ್ಸ್ ಗ್ಯಾಂಬಿಟ್. ಗ್ಯಾಂಬಿಟ್ ಅಂದರೆ ಬೇರೇನೋ ಲಾಭಕ್ಕಾಗಿ ಕಾಯಿ ಬಲಿ ಕೊಡುವುದು. ಸಿ4ರ ಕಾಲಾಳು ನನ್ನ ಡಿ5ರ ಕಾಲಾಳಿನ ಬಾಯಿಗೆ ಬಂದು ನಿಂತಿದೆ, ಬೇಕಾದರೆ ಹೊಡಿ ಅನ್ನುವ ಹಾಗೆ. ನಿಜ ಹೇಳಬೇಕೆಂದರೆ ಇದು ಬಲಿಯೇ ಅಲ್ಲ. ಹೊಡೆದವರು ಆ ಕಾಲಾಳನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಉಳಿಸಿಕೊಳ್ಳಲು ಹೋಗಿ ನಾನು ಹಿಂದೊಮ್ಮೆ ಕೆಟ್ಟಿದ್ದೇನೆ. ಸಿ4ರಲ್ಲಿ ಹೊಡೆದೆ, ಮೇಷ್ಟ್ರು ಇ3 ಆಡಿದರು. ಕಾಪಾಡೋಣ ಅಂತ ಬಿ5 ಇಟ್ಟೆ, ಅವರು ಎ4 ಅಂದರು. ಸಿ6 ಅಂತ ಒತ್ತುಕೊಟ್ಟೆ. ಎ4ರ ಕಾಲಾಳು ಬಿ5ರಲ್ಲಿ ಹೊಡೆಯಿತು, ನನ್ನ ಸಿ ಕಾಲಾಳು ತಿರುಗಿ ಹೊಡೆಯಿತು. ಆಗ ಅವರ ರಾಣಿ ಸದ್ದಿಲ್ಲದೆ ಎಫ್3ಕ್ಕೆ ಬಂತು. ಅಲ್ಲಿಂದ ನೇರ ಎ8ರ ನನ್ನ ಆನೆಗೆ ಗುರಿ. ಏನು ಅಡ್ಡ ಇಟ್ಟರೂ ಒಂದು ದೊಡ್ಡ ಕಾಯಿ ಹೋಗುತ್ತದೆ. ಆವತ್ತಿನಿಂದ ನಾನು ಸಿ4ರ ಕಾಲಾಳನ್ನು ಮುಟ್ಟದೆ ಎರಡನೇ ನಡೆಗೆ ಇ6 ಆಡುತ್ತೇನೆ. ಇದಕ್ಕೆ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಅಂತ ಹೆಸರು. ಕೊಟ್ಟದ್ದನ್ನು ತಗೊಳ್ಳಲಿಲ್ಲ ಅಂತ ಅರ್ಥ.

ಇ6 ಬಹಳ ಗಟ್ಟಿ ನಡೆ. ಡಿ5ಕ್ಕೆ ಹಿಂದಿನಿಂದ ಕಂಬ ಕೊಟ್ಟ ಹಾಗೆ. ಆದರೆ ಇದಕ್ಕೊಂದು ಬೆಲೆ ಇದೆ. ಬೋರ್ಡ್ ನೋಡಿ: ಸಿ8ರಲ್ಲಿ ನನ್ನ ಒಂಟೆ ಇದೆ. ಅದರ ಓರೆ ದಾರಿ ಡಿ7, ಇ6, ಎಫ್5 ಅಂತ ಹೋಗುತ್ತದೆ. ಇ6ರಲ್ಲಿ ನನ್ನದೇ ಕಾಲಾಳು ಕೂತು ಆ ದಾರಿ ಮುಚ್ಚಿತು. ಎರಡನೇ ನಡೆಯಲ್ಲೇ ನನ್ನ ಒಂದು ಕಾಯಿಯನ್ನು ನಾನೇ ಕೋಣೆಯೊಳಗೆ ಹಾಕಿ ಬಾಗಿಲು ಹಾಕಿದೆ. ನೂರಾರು ವರ್ಷಗಳಿಂದ ಈ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಆಡಿದ ಕಪ್ಪಿನವರೆಲ್ಲರ ತಲೆನೋವು ಇದೇ: ಈ ಒಂಟೆಯನ್ನು ಹೊರಗೆ ತರುವುದು ಹೇಗೆ? ಇದೊಂದು ಪ್ರಶ್ನೆ ಹಿಡಿದುಕೊಂಡರೆ ಮುಂದಿನ ನಡೆಗಳೆಲ್ಲ ಅರ್ಥವಾಗುತ್ತವೆ.

ಅಂದ ಹಾಗೆ, ನಮ್ಮ ತಾತಂದಿರು ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಡಿ4 ತಲುಪಲು ಎರಡು ನಡೆ ಬೇಕಿತ್ತು. ಹಾಗಾಗಿ ಎರಡನೇ ನಡೆಗೇ ಹೀಗೆ ಮಧ್ಯದಲ್ಲಿ ಕೊಂಬು ಕೊಂಬು ಹಿಡಿಯುವ ಆಟ ಅಲ್ಲಿ ಸಾಧ್ಯವೇ ಇರಲಿಲ್ಲ. ಕ್ವೀನ್ಸ್ ಗ್ಯಾಂಬಿಟ್ ಯುರೋಪಿನ ಕೂಸು. ಸುಮಾರು 1490ರ ಗಾಟಿಂಗನ್ ಹಸ್ತಪ್ರತಿಯಲ್ಲೇ ಅದರ ಪ್ರಸ್ತಾಪ ಇದೆ.

ಮುಂದಿನ ನಡೆಗಳನ್ನು ಬೇಗ ಬೇಗ ಹೇಳುತ್ತೇನೆ. 3. ಕುದುರೆ ಸಿ3, ಕುದುರೆ ಎಫ್6. 4. ಒಂಟೆ ಜಿ5, ಒಂಟೆ ಇ7. 5. ಇ3, ನನ್ನ ಕ್ಯಾಸಲಿಂಗ್, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಮೂಲೆಯ ಕಡೆಗೂ ಆನೆಯನ್ನು ಅವನ ಪಕ್ಕಕ್ಕೂ ಸರಿಸುವುದು. 6. ಕುದುರೆ ಎಫ್3, ನನ್ನ ಇನ್ನೊಂದು ಕುದುರೆ ಡಿ7ಕ್ಕೆ. ಇದುವರೆಗೆ ಇಬ್ಬರೂ ಯೋಚಿಸದೇ ಆಡಿದ್ದು. ಕಾಯಿ ಹೊರಗೆ ತರುವುದು, ರಾಜನನ್ನು ಮೂಲೆಗೆ ಸೇರಿಸುವುದು, ಅಷ್ಟೇ.

ಸುಲಭ ಅನ್ನಿಸಿದರೂ ಇಲ್ಲಿ ಎಡವುವವರಿದ್ದಾರೆ. ನಾಲ್ಕನೇ ನಡೆಯಲ್ಲಿ ಕಪ್ಪಿನವರು ಒಂಟೆಯ ಬದಲು ಕುದುರೆಯನ್ನೇ ಡಿ7ಕ್ಕೆ ತಂದರು ಅಂತಿಟ್ಟುಕೊಳ್ಳಿ. ಬಿಳಿಯವರು ಡಿ5ರಲ್ಲಿ ಕಾಲಾಳು ಹೊಡೆಯುತ್ತಾರೆ, ಕಪ್ಪು ಇ ಕಾಲಾಳಿನಿಂದ ತಿರುಗಿ ಹೊಡೆಯುತ್ತದೆ. ಈಗ ಎಫ್6ರ ಕುದುರೆ ಕದಲುವ ಹಾಗಿಲ್ಲ, ಕದಲಿದರೆ ಹಿಂದಿರುವ ರಾಣಿ ಹೋಗುತ್ತದೆ. ಹಾಗಾದರೆ ಡಿ5ರ ಕಾಲಾಳು ಪುಕ್ಕಟೆ ಅಲ್ವಾ? ಬಿಳಿ ಕುದುರೆ ಹೊಡೆಯುತ್ತದೆ. ಕಪ್ಪು ಕುದುರೆ ರಾಣಿಯನ್ನು ಬಿಟ್ಟುಕೊಟ್ಟೇ ಡಿ5ರಲ್ಲಿ ತಿರುಗಿ ಹೊಡೆಯುತ್ತದೆ! ಬಿಳಿ ಒಂಟೆ ಡಿ8ರ ರಾಣಿಯನ್ನು ತಿನ್ನುತ್ತದೆ. ಆಗ ಕಪ್ಪು ಒಂಟೆ ಬಿ4ರಿಂದ ಶಹ (ರಾಜನ ಮೇಲೆ ನೇರ ದಾಳಿ, ಚೆಕ್) ಕೊಡುತ್ತದೆ. ಬಿಳಿಯವರಿಗೆ ತಮ್ಮ ರಾಣಿಯನ್ನು ಅಡ್ಡ ಇಡದೆ ದಾರಿಯೇ ಇಲ್ಲ. ಲೆಕ್ಕ ಮುಗಿದಾಗ ಕಪ್ಪಿಗೆ ಒಂದು ಕಾಯಿ ಜಾಸ್ತಿ. ಇದಕ್ಕೆ ಎಲಿಫೆಂಟ್ ಟ್ರ್ಯಾಪ್ ಅನ್ನುತ್ತಾರೆ. 1848ರಲ್ಲಿ ಬರ್ಲಿನ್‌ನಲ್ಲಿ ಮಾಯೆಟ್ ಎಂಬ ಆಟಗಾರ ಹಾರ್‌ವಿಟ್ಸ್ ಎದುರು ಹೀಗೇ ಸಿಕ್ಕಿಬಿದ್ದಿದ್ದ. ಶಾಂತವಾಗಿ ಕಾಣುವ ಓಪನಿಂಗ್‌ನ ಒಳಗೆ ಇಂಥ ಗುಂಡಿಗಳಿವೆ. ಡ್ರಾ ಆದ ಆಟ ಅಂದರೆ ಇಬ್ಬರೂ ಈ ಗುಂಡಿಗಳನ್ನು ದಾಟಿ ಬಂದಿದ್ದಾರೆ ಅಂತ ಮೊದಲು ತಿಳಿಯಬೇಕು.

ನಮ್ಮ ಆಟಕ್ಕೆ ಬರೋಣ. 7ನೇ ನಡೆಯಲ್ಲಿ ಮೇಷ್ಟ್ರು ಎ1ರ ಆನೆಯನ್ನು ಸಿ1ಕ್ಕೆ ತಂದರು. ನಾನು ಸಿ6 ಆಡಿದೆ. ಈ ಎರಡು ನಡೆ ನೋಡಿದರೆ ಇಬ್ಬರೂ ಸುಮ್ನೆ ಕಾಲ ಕಳೆಯುತ್ತಿದ್ದಾರೆ ಅನ್ನಿಸಬಹುದು. ಆದರೆ ಇಲ್ಲಿ ಒಂದು ಸೂಕ್ಷ್ಮ ಜಗಳ ನಡೆಯುತ್ತಿತ್ತು.

ನಾನು ಯಾವತ್ತಾದರೂ ಸಿ4ರಲ್ಲಿ ಕಾಲಾಳು ಹೊಡೆಯಬೇಕು. ಅದನ್ನು ತಿರುಗಿ ಹೊಡೆಯುವುದು ಅವರ ಎಫ್1ರ ಒಂಟೆ. ಆ ಒಂಟೆ ಇನ್ನೂ ಎಫ್1ರಲ್ಲೇ ಇರುವಾಗ ನಾನು ಹೊಡೆದರೆ, ಅದು ಒಂದೇ ನೆಗೆತಕ್ಕೆ ಸಿ4ಕ್ಕೆ ಬಂದು ಕೂರುತ್ತದೆ. ಅದೇ ಒಂಟೆ ಮೊದಲು ಡಿ3ಕ್ಕೆ ಬಂದ ಮೇಲೆ ನಾನು ಹೊಡೆದರೆ, ಅದು ಸಿ4ಕ್ಕೆ ಬರಲು ಒಟ್ಟು ಎರಡು ನಡೆ ಖರ್ಚಾಗುತ್ತದೆ. ಒಂದು ನಡೆ ನನಗೆ ಉಳಿತಾಯ. ಅದಕ್ಕೇ ನಾನು ಅವರ ಒಂಟೆ ಕದಲಲಿ ಅಂತ ಕಾಯುತ್ತಿದ್ದೆ, ಅವರು ನಾನು ಮೊದಲು ಹೊಡೆಯಲಿ ಅಂತ ಕಾಯುತ್ತಿದ್ದರು. ಬಸ್ಸಿನಲ್ಲಿ ಒಂದೇ ಸೀಟಿಗೆ "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ" ಅಂತ ಇಬ್ಬರೂ ನಿಂತೇ ಇರುತ್ತಾರಲ್ಲ, ಹಾಗೆ. ಆದರೆ ಕಾಯುವ ಪ್ರತಿ ನಡೆಯೂ ಏನಾದರೂ ಉಪಯೋಗಕ್ಕೆ ಬರುವಂಥದ್ದಾಗಿರಬೇಕು.

ಎಂಟನೇ ನಡೆಯಲ್ಲಿ ಮೇಷ್ಟ್ರ ತಾಳ್ಮೆ ಮುಗಿಯಿತು. 8. ಒಂಟೆ ಡಿ3. ತಕ್ಷಣ ನಾನು ಸಿ4ರಲ್ಲಿ ಹೊಡೆದೆ. 9. ಒಂಟೆ ಸಿ4ರಲ್ಲಿ ತಿರುಗಿ ಹೊಡೆಯಿತು. ಈಗ ನನ್ನ ಎಫ್6ರ ಕುದುರೆ ಡಿ5ಕ್ಕೆ ಹಾರಿತು.

ಇಲ್ಲಿಂದ ಶುರುವಾಗುವ ಬಿಡುಗಡೆಯ ಕ್ರಮವನ್ನು ಕಾಪಾಬ್ಲಾಂಕಾ ಹೆಸರಿನಿಂದ ಕರೆಯುತ್ತಾರೆ. ಕ್ಯೂಬಾದ ಹವಾನಾದಲ್ಲಿ ಹುಟ್ಟಿದ ಹೊಸೆ ರೌಲ್ ಕಾಪಾಬ್ಲಾಂಕಾ 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. ಅವರ ಯೋಚನೆ ಎಷ್ಟು ಸರಳ ಅಂದರೆ, ನನ್ನಂಥವನಿಗೂ ಅರ್ಥವಾಗುತ್ತದೆ. ಮನೆ ಇಕ್ಕಟ್ಟಾಗಿದ್ದರೆ ಸಾಮಾನು ಕಡಿಮೆ ಮಾಡು. ನನ್ನ ಕಡೆ ಜಾಗ ಕಡಿಮೆ ಇದೆ, ಕಾಯಿಗಳು ಒಂದರ ಕಾಲು ಒಂದು ತುಳಿಯುತ್ತಿವೆ. ಹಾಗಾದರೆ ಜೋಡಿ ಜೋಡಿಯಾಗಿ ಕಾಯಿ ವಿನಿಮಯ ಮಾಡಿಕೊಂಡರೆ ಉಳಿದವಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಜಾಗ ಹೆಚ್ಚಿರುವ ಬಿಳಿಯವರಿಗೆ ಇದರಿಂದ ಅಂಥ ಲಾಭ ಇಲ್ಲ.

ಕುದುರೆ ಎಫ್6 ಬಿಟ್ಟ ಕೂಡಲೇ ನನ್ನ ಇ7ರ ಒಂಟೆ ಅವರ ಜಿ5ರ ಒಂಟೆಯನ್ನು ನೇರ ನೋಡುತ್ತದೆ. 10. ಒಂಟೆ ಇ7ರಲ್ಲಿ ಹೊಡೆಯಿತು, ನನ್ನ ರಾಣಿ ಇ7ಕ್ಕೆ ಬಂದು ತಿರುಗಿ ಹೊಡೆಯಿತು. ಒಂದು ಜೋಡಿ ಹೋಯಿತು. 11. ಮೇಷ್ಟ್ರು ಕ್ಯಾಸಲಿಂಗ್ ಮಾಡಿದರು. ನನ್ನ ಕುದುರೆ ಸಿ3ರಲ್ಲಿ ಹೊಡೆಯಿತು, 12. ಅವರ ಆನೆ ಸಿ3ಕ್ಕೆ ಬಂತು. ಎರಡನೇ ಜೋಡಿಯೂ ಹೋಯಿತು. ಈಗ ನನ್ನ ಹಿಂದೆ ಡಿ7ರಲ್ಲಿ ಕುದುರೆ, ಇ7ರಲ್ಲಿ ರಾಣಿ. ಎರಡೂ ಇ5ರ ಮನೆಗೆ ಕಾವಲು. ಹನ್ನೆರಡನೇ ನಡೆಯಲ್ಲಿ ನಾನು ಇ6ರ ಕಾಲಾಳನ್ನು ಇ5ಕ್ಕೆ ತಳ್ಳಿದೆ.

ಆ ನಡೆ ಆಡುವಾಗ ನನ್ನ ಕೈ ಸ್ವಲ್ಪ ನಡುಗಿತು. ಹತ್ತು ನಡೆಗಳ ಹಿಂದೆ ನಾನೇ ಹಾಕಿದ ಬಾಗಿಲನ್ನು ನಾನೇ ತೆಗೆದೆ. 13. ಅವರ ಡಿ ಕಾಲಾಳು ಇ5ರಲ್ಲಿ ಹೊಡೆಯಿತು, ನನ್ನ ಕುದುರೆ ತಿರುಗಿ ಹೊಡೆಯಿತು. 14. ಅವರ ಕುದುರೆ ನನ್ನ ಕುದುರೆಯನ್ನು ಹೊಡೆಯಿತು, ನನ್ನ ರಾಣಿ ಇ5ರಲ್ಲಿ ಬಂದು ನಿಂತಿತು. ಈಗ ಸಿ8ರಿಂದ ಓರೆಯಾಗಿ ಕಣ್ಣು ಹಾಯಿಸಿ. ಡಿ7 ಖಾಲಿ, ಇ6 ಖಾಲಿ, ಎಫ್5 ಖಾಲಿ. ಇಬ್ಬರ ಬಳಿಯೂ ರಾಣಿ, ಎರಡು ಆನೆ, ಒಂದು ಒಂಟೆ, ಆರು ಕಾಲಾಳು. ತಕ್ಕಡಿ ಸಮ.

ಹೀಗೆ ಸಮ ಆಗುವ ಗುಣ ಈ ಓಪನಿಂಗ್‌ನ ರಕ್ತದಲ್ಲೇ ಇದೆ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖೈನ್ ವಿಶ್ವ ಪಟ್ಟಕ್ಕಾಗಿ 34 ಆಟ ಆಡಿದರು. ಅದರಲ್ಲಿ 32 ಆಟ ಇದೇ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. ಡ್ರಾ ಆದವು 25. ಅಲೆಖೈನ್ 6 ಗೆದ್ದು ಚಾಂಪಿಯನ್ ಆದರು, ಕಾಪಾಬ್ಲಾಂಕಾ 3 ಗೆದ್ದರು. ಎರಡು ತಿಂಗಳಿಗೂ ಹೆಚ್ಚು ಕಾಲ ಇಬ್ಬರು ಮಹಾ ಆಟಗಾರರು ಈ ಒಂಟೆಯ ಪ್ರಶ್ನೆಯನ್ನೇ ತಿರುಗಿಸಿ ತಿರುಗಿಸಿ ಕೇಳಿಕೊಂಡರು. ಇದು ಬೇಸರದ ಮ್ಯಾಚ್ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ರಾಗವನ್ನು ಇಡೀ ರಾತ್ರಿ ಹಾಡಿದರೆ ಕೇಳುವ ಕಿವಿಗೆ ಅದು ಬೇಸರವಲ್ಲ.

ಹದಿನೈದನೇ ನಡೆ ನಮ್ಮ ಆಟದ ತಿರುವು. ಗಟ್ಟಿ ಆಟಗಾರರು ಇಲ್ಲಿ ಬಿಳಿಯ ಕಡೆ ಎಫ್4 ಆಡುತ್ತಾರೆ. ಕಾಲಾಳು ನನ್ನ ರಾಣಿಯನ್ನು ಒದ್ದು ಓಡಿಸುತ್ತದೆ, ಮುಂದೆ ಎಫ್5 ಅಥವಾ ಇ4 ಅಂತ ನುಗ್ಗಿ ನನ್ನ ಒಂಟೆಯ ದಾರಿಯನ್ನು ಮತ್ತೆ ಕಟ್ಟಲು ನೋಡುತ್ತದೆ. ಅದರಲ್ಲಿ ಅಪಾಯವೂ ಇದೆ, ಬಿಳಿ ರಾಜನ ಮುಂದಿನ ಬೇಲಿ ಸಡಿಲವಾಗುತ್ತದೆ. ಮೇಷ್ಟ್ರು ತುಂಬಾ ಹೊತ್ತು ಯೋಚಿಸಿದರು. ಕೊನೆಗೆ 15. ಎಚ್3 ಆಡಿದರು. ರಾಜನಿಗೆ ಒಂದು ಕಿಟಕಿ, ಅಷ್ಟೇ. ಕೆಟ್ಟ ನಡೆ ಅಲ್ಲ. ಆದರೆ ಒತ್ತಡ ಹಾಕಲು ಸಿಕ್ಕ ಒಂದೇ ಒಂದು ಕ್ಷಣ ಜಾರಿತು. ನನ್ನ ಒಂಟೆ ಎಫ್5ಕ್ಕೆ ಹೊರಟಿತು. ಹದಿನಾಲ್ಕು ನಡೆ ಕೋಣೆಯಲ್ಲಿ ಕೂತಿದ್ದ ಕಾಯಿ ಅದು. ಆ ಕ್ಷಣದ ಸಂತೋಷವನ್ನು ಗೆಲುವಿನ ಸಂತೋಷಕ್ಕಿಂತ ಕಡಿಮೆ ಅನ್ನಲು ನನಗೆ ಮನಸ್ಸಿಲ್ಲ.

ಮೇಷ್ಟ್ರು 16. ರಾಣಿ ಡಿ4 ಅಂತ ನನ್ನ ರಾಣಿಗೆ ಎದುರು ಬಂದರು. ನಾನು ಹೊಡೆದೆ, 17. ಅವರ ಇ ಕಾಲಾಳು ಡಿ4ರಲ್ಲಿ ತಿರುಗಿ ಹೊಡೆಯಿತು. ರಾಣಿಯರಿಲ್ಲದ ಬೋರ್ಡು ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಈಗ ಅವರ ಡಿ4ರ ಕಾಲಾಳಿಗೆ ಅಕ್ಕಪಕ್ಕದಲ್ಲಿ ಬಂಧುಗಳಿಲ್ಲ. ಸಿ ಸಾಲಿನಲ್ಲೂ ಇಲ್ಲ, ಇ ಸಾಲಿನಲ್ಲೂ ಇಲ್ಲ. ಇಂಥ ಒಂಟಿ ಕಾಲಾಳನ್ನು ಇನ್ನೊಂದು ಕಾಲಾಳು ಕಾಯಲಾರದು, ದೊಡ್ಡ ಕಾಯಿಯೇ ಕಾವಲಿಗೆ ನಿಲ್ಲಬೇಕು. ನಾನು ಎ8ರ ಆನೆಯನ್ನು ಡಿ8ಕ್ಕೆ ತಂದು ಅದರ ಮೇಲೆ ಕಣ್ಣಿಟ್ಟೆ. 18. ಅವರ ಆನೆ ಡಿ1ಕ್ಕೆ ಬಂದು ಕಾವಲು ನಿಂತಿತು. ನಾನು ಒಂಟೆಯನ್ನು ಇ6ಕ್ಕೆ ತಂದು ಅವರ ಒಂಟೆಗೆ ಎದುರಿಟ್ಟೆ. 19. ಅವರು ಹೊಡೆದರು, ನಾನು ಎಫ್ ಕಾಲಾಳಿನಿಂದ ತಿರುಗಿ ಹೊಡೆದೆ.

ಅಷ್ಟು ಕಷ್ಟಪಟ್ಟು ಹೊರಗೆ ತಂದ ಒಂಟೆಯನ್ನು ಮೂರೇ ನಡೆಗೆ ಬದಲಾಯಿಸಿಬಿಟ್ಟೆ! ಮೇಷ್ಟ್ರ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಪಾಪ ಅಲ್ವಾ ಅಂಕಲ್" ಅಂದಳು. ಪಾಪವೇ. ಆದರೆ ಒಳಗೇ ಕೂತು ಸತ್ತಿದ್ದರೆ ಅವರ ಒಂಟೆ ಉಳಿಯುತ್ತಿತ್ತು. ಹೊರಗೆ ಬಂದದ್ದಕ್ಕೇ ಅವರ ಒಳ್ಳೆಯ ಒಂಟೆಯನ್ನು ಕರೆದುಕೊಂಡು ಹೋಯಿತು.

ಈಗ ನನಗೂ ಒಂದು ಒಂಟಿ ಕಾಲಾಳು, ಇ6ರಲ್ಲಿ. 20. ಮೇಷ್ಟ್ರ ಆನೆ ಸಿ3ರಿಂದ ಇ3ಕ್ಕೆ ಸರಿದು ಅದನ್ನು ಗುರಿ ಹಿಡಿಯಿತು. ನನ್ನ ಆನೆ ಎಫ್6ಕ್ಕೆ ಬಂದು ಕಾವಲು ನಿಂತಿತು. 21. ಅವರ ಇನ್ನೊಂದು ಆನೆ ಡಿ1 ಬಿಟ್ಟು ಇ1ಕ್ಕೆ ಬಂತು. ಅಂದರೆ ನನ್ನದನ್ನು ನೀನು ತಗೋ, ನಿನ್ನದನ್ನು ನಾನು ತಗೋತೀನಿ. ನಾನು ಡಿ4ರಲ್ಲಿ ಹೊಡೆದೆ. 22. ಅವರು ಇ6ರಲ್ಲಿ ಹೊಡೆದರು. ಒಂದು ಜೋಡಿ ಆನೆಯೂ ಹೋಯಿತು. 23ನೇ ನಡೆ ಮುಗಿದಾಗ ಇಬ್ಬರಿಗೂ ಒಂದೊಂದು ಆನೆ, ಐದೈದು ಕಾಲಾಳು. ಅವರಿಗೆ ರಾಜನ ಕಡೆ ಮೂರಕ್ಕೆ ಎರಡು, ನನಗೆ ರಾಣಿ ಇದ್ದ ಕಡೆ ಮೂರಕ್ಕೆ ಎರಡು.

ಇಲ್ಲಿ ನಾನು ಡ್ರಾ ಕೇಳಿದೆ. ಅದಕ್ಕೊಂದು ರೀತಿ ಇದೆ. ನಿಮ್ಮ ನಡೆ ಆಡಿ, ಗಡಿಯಾರ ಒತ್ತುವ ಮುಂಚೆ ಕೇಳಬೇಕು. ಎದುರಿನವರು ಯೋಚಿಸುತ್ತಿರುವಾಗ ಕೇಳುವುದು ಸರಿಯಲ್ಲ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಈಗಲೇ ಎಂಥ ಡ್ರಾ ಕಣಪ್ಪ? ಆನೆ ಆಟ ಈಗ ಶುರು" ಅಂದರು. ಅವರು ಹೇಳಿದ್ದು ಸರಿ. ಕಂಪ್ಯೂಟರ್ ಈ ಸ್ಥಿತಿಗೆ ಸೊನ್ನೆ ಅಥವಾ ಅದರ ಹತ್ತಿರದ ಅಂಕಿ ತೋರಿಸೀತು. ಆದರೆ ಸೊನ್ನೆ ಅನ್ನುವುದು ಮುಂದೆ ಇಬ್ಬರೂ ಸರಿಯಾಗಿ ಆಡಿದರೆ ಏನಾಗುತ್ತದೆ ಎಂಬ ಲೆಕ್ಕ. ಆ "ಸರಿಯಾಗಿ ಆಡಿದರೆ" ಎಂಬ ಮಾತಿನ ಭಾರ ಹೊರಬೇಕಾದವರು ನಾವು.

ಅದು ಎಷ್ಟು ಭಾರ ಅಂತ 2024ರ ಡಿಸೆಂಬರ್ 12ರಂದು ಜಗತ್ತೇ ನೋಡಿತು. ಸಿಂಗಪುರದಲ್ಲಿ ನಮ್ಮ ಗುಕೇಶ್ ಮತ್ತು ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ನಡುವೆ ವಿಶ್ವ ಪಟ್ಟದ 14ನೇ ಆಟ. ಅದು ಬೇರೆ ಓಪನಿಂಗ್, ಆದರೆ ಆಟದ ಕೊನೆ ನಮ್ಮ ವಿಷಯಕ್ಕೆ ಸೇರಿದ್ದು. ಇಬ್ಬರಿಗೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ ಇದ್ದರೂ ಸ್ಥಿತಿ ಡ್ರಾ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಗಳು ಹೋದವು. ಗುಕೇಶ್ ಒಂಟೆಯನ್ನೂ ಎದುರಿಟ್ಟು ಬದಲಾಯಿಸಿದರು. ಉಳಿದದ್ದು ರಾಜ, ಕಾಲಾಳು ಮಾತ್ರ, ಅದರಲ್ಲಿ ಒಂದು ಕಾಲಾಳು ಜಾಸ್ತಿ ಇದ್ದವರೇ ಗೆದ್ದರು. 58 ನಡೆಗೆ ಆಟ ಮುಗಿದು ಗುಕೇಶ್ ವಿಶ್ವ ಚಾಂಪಿಯನ್ ಆದರು. ಡ್ರಾ ಸ್ಥಿತಿಯನ್ನು ಡ್ರಾ ಆಗಿ ಮುಗಿಸುವುದು ಚಾಂಪಿಯನ್‌ಗೂ ಕಷ್ಟ ಅಂದ ಮೇಲೆ ಜಗಲಿಯ ಮೇಲೆ ಕೂತ ನಮ್ಮ ಪಾಡೇನು?

ನನ್ನ ಪಾಡು ಕೆಟ್ಟಿತು. ಡ್ರಾ ಸಿಗಲಿಲ್ಲ ಎಂಬ ಬೇಸರದಲ್ಲಿ ಸಿ ಕಾಲಾಳನ್ನು ಓಡಿಸಿದೆ. ರಾಜ ಎಲ್ಲೋ, ಆನೆ ಎಲ್ಲೋ, ಕಾಲಾಳು ಮಾತ್ರ ಮುಂದೆ. ಮೇಷ್ಟ್ರು ರಾಜನನ್ನು ಒಂದೊಂದೇ ಹೆಜ್ಜೆ ತಂದು ಅದನ್ನು ಆರಾಮಾಗಿ ಹಿಡಿದರು. ನನಗೆ ಒಂದು ಕಾಲಾಳು ಕಡಿಮೆಯಾಯಿತು.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಏನು ಅಂತ ಮೇಷ್ಟ್ರೇ ನನಗೆ ಹಿಂದೆ ಕಲಿಸಿದ್ದರು. ಕಾಲಾಳು ಕಡಿಮೆ ಇದ್ದವರು ಕಾಲಾಳುಗಳನ್ನು ಬದಲಾಯಿಸಬೇಕು, ದೊಡ್ಡ ಕಾಯಿಯನ್ನು ಬದಲಾಯಿಸಬಾರದು. ಗೆಲ್ಲಬೇಕಾದವರಿಗೆ ರಾಣಿಯಾಗಲು ಕಾಲಾಳು ಬೇಕು. ಬೋರ್ಡಿನ ಮೇಲೆ ಕಾಲಾಳು ಕಡಿಮೆಯಾದಷ್ಟೂ ಅವರ ಆಸೆ ಕಡಿಮೆ. ಆದರೆ ಆನೆ ಬದಲಾದರೆ ರಾಜ-ಕಾಲಾಳು ಮಾತ್ರ ಉಳಿದು ನಾನು ಸೋಲುವ ಅಪಾಯ ಹೆಚ್ಚು. ಡಿಂಗ್‌ಗೆ ಆದದ್ದು ಅದೇ. ಹಾಗಾಗಿ ಮುಂದಿನ ಮೂವತ್ತು ನಡೆ ನಾನು ಒಂದೇ ಕೆಲಸ ಮಾಡಿದೆ. ಎ ಕಾಲಾಳು, ಬಿ ಕಾಲಾಳು, ಜಿ, ಎಚ್, ಸಿಕ್ಕ ಸಿಕ್ಕ ಕಡೆ ಕಾಲಾಳಿಗೆ ಕಾಲಾಳು. ಆನೆಯನ್ನು ಮಾತ್ರ ಎದೆಗವಚಿಕೊಂಡಿದ್ದೆ.

56 ನಡೆ ಮುಗಿದಾಗ ಬೋರ್ಡಿನ ಮೇಲೆ ಉಳಿದದ್ದು ಐದೇ ಕಾಯಿ. ಬಿಳಿ: ರಾಜ ಜಿ5, ಆನೆ ಎ7, ಕಾಲಾಳು ಎಫ್5. ಕಪ್ಪು: ರಾಜ ಎಫ್8, ಆನೆ ಬಿ6. ದಯವಿಟ್ಟು ಇದನ್ನು ಬೋರ್ಡಿನಲ್ಲಿ ಇಡಿ. ಹವ್ಯಾಸಿ ಆಟಗಾರರು ಕಲಿಯಬೇಕಾದ ಕೊನೆಯಾಟ ಒಂದೇ ಒಂದು ಅಂದರೆ ನಾನು ಇದನ್ನೇ ತೋರಿಸುತ್ತೇನೆ.

ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಫಿಲಿಡೋರ್ ಎಂಬ ಸಂಗೀತಗಾರನಿದ್ದ. ಆಪೆರಾಗಳನ್ನು ರಚಿಸುತ್ತಿದ್ದ, ಜೊತೆಗೆ ತನ್ನ ಕಾಲದ ದೊಡ್ಡ ಚೆಸ್ ಆಟಗಾರ. 1777ರಲ್ಲಿ ಅವನು ಪ್ರಕಟಿಸಿದ ವಿಶ್ಲೇಷಣೆಯಿಂದ ಈ ರಕ್ಷಣೆಗೆ ಅವನ ಹೆಸರು ಬಂತು. ಸೂತ್ರ ಇಷ್ಟೇ: ಕಾಯುವವನ ರಾಜ ಕಾಲಾಳಿನ ಸಾಲಿನಲ್ಲೇ, ಅದರ ಎದುರಿಗೆ ನಿಲ್ಲಲಿ. ಆನೆ ಮಾತ್ರ ತನ್ನ ಕಡೆಯಿಂದ ಮೂರನೇ ಅಡ್ಡ ಸಾಲಿನಲ್ಲಿ, ಅಂದರೆ ಇಲ್ಲಿ ಆರನೇ ಸಾಲಿನಲ್ಲಿ ಬೇಲಿಯಾಗಿರಲಿ. ನನ್ನ ಆನೆ ಬಿ6ರಲ್ಲಿರುವ ತನಕ ಬಿಳಿ ರಾಜ ಜಿ6ಕ್ಕಾಗಲಿ ಇ6ಕ್ಕಾಗಲಿ ಕಾಲಿಡುವಂತಿಲ್ಲ. ರಾಜ ಮುಂದೆ ಬರದೆ ಅವರ ದಾಳಿಗೆ ಬಲವಿಲ್ಲ. ನಾನು ಆನೆಯನ್ನು ಬಿ6, ಸಿ6, ಮತ್ತೆ ಬಿ6 ಅಂತ ಆಡಿಸುತ್ತಾ ಇದ್ದರೆ ಸಾಕು.

ಬೇಲಿ ದಾಟಲು ಅವರಿಗೆ ಇರುವುದು ಒಂದೇ ದಾರಿ, ಕಾಲಾಳನ್ನೇ ಎಫ್6ಕ್ಕೆ ತಳ್ಳುವುದು. ಆಗ ಕಾಲಾಳು ನನ್ನ ಆನೆಯ ದಾರಿ ಮುರಿಯುತ್ತದೆ, ರಾಜ ಜಿ6ಕ್ಕೆ ಬಂದು, ಎ8ರಲ್ಲಿ ಆನೆಯಿಂದ ಚೆಕ್‌ಮೇಟ್ ಮಾಡುವ ಬೆದರಿಕೆ. ಸೂತ್ರದ ಎರಡನೇ ಅರ್ಧ ಇಲ್ಲಿ ಬೇಕು. ಕಾಲಾಳು ಆರನೇ ಸಾಲಿಗೆ ಬಂದ ಆ ಕ್ಷಣವೇ ಆನೆ ಬೇಲಿ ಬಿಟ್ಟು ಬೋರ್ಡಿನ ಆಚೆ ತುದಿಗೆ ಓಡಬೇಕು. ಅಲ್ಲಿಂದ, ಹಿಂದಿನಿಂದ ಶಹ ಕೊಡುತ್ತಾ ಹೋಗಬೇಕು. ಯಾಕೆ ಕಾಲಾಳು ಬರುವ ತನಕ ಕಾಯಬೇಕು? ಕಾಲಾಳು ಎಫ್5ರಲ್ಲಿದ್ದರೆ ಅದರ ಮುಂದಿನ ಎಫ್6 ರಾಜನಿಗೆ ಮಳೆಯಲ್ಲಿ ಮಾಡಿನ ಹಾಗೆ. ಹಿಂದಿನಿಂದ ಕೊಡುವ ಶಹಕ್ಕೆ ಕಾಲಾಳೇ ಅಡ್ಡ. ಕಾಲಾಳು ತಾನೇ ಎಫ್6ಕ್ಕೆ ಹೋಗಿ ಕೂತರೆ ರಾಜನಿಗೆ ಆ ಮಾಡೇ ಇಲ್ಲ. ಬಯಲಿನಲ್ಲಿ ನೆನೆಯಬೇಕು.

ಆನೆಯನ್ನು ಹೆದರಿ ಕೊನೆಯ ಸಾಲಿನಲ್ಲಿ, ರಾಜನ ಪಕ್ಕದಲ್ಲೇ ಕೂರಿಸುವುದು ನಮ್ಮಂಥವರು ಮಾಡುವ ತಪ್ಪು. ಅಂಚಿನ ಕಾಲಾಳುಗಳ ಎದುರು ಅದು ನಡೆಯುತ್ತದೆ. ಎಫ್ ಕಾಲಾಳಿನ ಎದುರು, ಬಿಳಿ ರಾಜ ಜಿ6ಕ್ಕೆ ಬಂದುಬಿಟ್ಟರೆ, ಅದು ಸೋಲು.

57. ಮೇಷ್ಟ್ರು ಎಫ್6 ಆಡಿದರು. ನನ್ನ ಆನೆ ಬಿ1. 58. ರಾಜ ಜಿ6, ನನ್ನ ಆನೆ ಜಿ1ರಿಂದ ಶಹ. 59. ರಾಜ ಎಫ್5, ಆನೆ ಎಫ್1ರಿಂದ ಶಹ. ಅವರು ಇ6 ಕಡೆ ಹೋಗಬಹುದಿತ್ತು. ಅಲ್ಲೂ ಇ1ರಿಂದ ಶಹ ಕಾದಿತ್ತು. ಇನ್ನೂ ದೂರ ಹೋದರೆ ಎಫ್6ರ ಕಾಲಾಳು ಒಂಟಿಯಾಗಿ ನನಗೆ ಸಿಗುತ್ತದೆ. 60. ರಾಜ ಮತ್ತೆ ಜಿ6, ಮತ್ತೆ ಜಿ1ರಿಂದ ಶಹ. 61. ಎಫ್5, ಎಫ್1. 62. ರಾಜ ಜಿ6.

ಇಲ್ಲಿ ನಾನು ಆನೆ ಮುಟ್ಟಲಿಲ್ಲ. ನೋಟ್‌ಬುಕ್ಕಿನಲ್ಲಿ "ಆನೆ ಜಿ1" ಅಂತ ಬರೆದು ಮೇಷ್ಟ್ರ ಕಡೆ ತಿರುಗಿಸಿದೆ. ಅದೇ ಸ್ಥಿತಿ, ಅದೇ ಬಿಳಿಯವರ ಸರದಿ, ಮೂರನೇ ಸಲ ಬರುತ್ತಿದೆ. ಪಂದ್ಯಾವಳಿಯಲ್ಲೂ ಕ್ರಮ ಇದೇ. ಮೂರನೇ ಸಲ ತರುವ ನಡೆಯನ್ನು ಆಡದೆ, ಬರೆದು, ಗಡಿಯಾರ ನಿಲ್ಲಿಸಿ ಆರ್ಬಿಟರ್‌ಗೆ, ಅಂದರೆ ಪಂದ್ಯದ ತೀರ್ಪುಗಾರರಿಗೆ, ಹೇಳಬೇಕು. ಕಾಯಿ ಮುಟ್ಟಿ ಆಡಿ ಗಡಿಯಾರ ಒತ್ತಿದರೆ ಆ ಸಲ ಕೇಳುವ ಹಕ್ಕು ಹೋಯಿತು. ಮೂರೂ ಸಲ ಒಂದರ ಹಿಂದೆ ಒಂದು ಬರಬೇಕೆಂದಿಲ್ಲ, ನಡುವೆ ಬೇರೆ ನಡೆಗಳಿರಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಯಾರೂ ಕೇಳದಿದ್ದರೂ ಐದನೇ ಸಲ ಬಂದರೆ ಆಟ ತಾನಾಗಿ ಡ್ರಾ.

ಮೇಷ್ಟ್ರು ಎಫ್6 ಆಡದೆ ಸುಮ್ಮನೆ ಆನೆ ಆಡಿಸುತ್ತಾ ನನ್ನ ತಾಳ್ಮೆ ಪರೀಕ್ಷೆ ಮಾಡಬಹುದಿತ್ತು. ಆಗ 50 ನಡೆಗಳ ನಿಯಮ ಇದೆ. ಇಬ್ಬರೂ 50 ನಡೆ ಆಡುವಷ್ಟರಲ್ಲಿ ಕಾಲಾಳು ಕದಲದೆ, ಯಾವ ಕಾಯಿಯೂ ಹೊಡೆತಕ್ಕೆ ಸಿಗದೆ ಇದ್ದರೆ ಡ್ರಾ ಕೇಳಬಹುದು. ಊಟದ ಹೊತ್ತು ಮೀರುತ್ತಿತ್ತು, ಅವರು ಅದಕ್ಕೆ ಹೋಗಲಿಲ್ಲ.

ಅವರು ನೋಟ್‌ಬುಕ್ ನೋಡಿದರು. ಹಿಂದಿನ ನಡೆಗಳ ಮೇಲೆ ಬೆರಳಿಟ್ಟು ಎಣಿಸಿದರು, ಒಂದು, ಎರಡು, ಇದು ಮೂರು. ಕೈ ಕೊಟ್ಟರು. ಕೈ ಬಿಡುವ ಮುಂಚೆಯೇ ಬೋರ್ಡನ್ನು ಹದಿನೈದನೇ ನಡೆಗೆ ವಾಪಸ್ ಜೋಡಿಸಲು ಶುರು ಮಾಡಿದರು. "ಎಚ್3 ಯಾಕೆ ಆಡಿದೆ ನಾನು?" ಅಂತ ತಮ್ಮಲ್ಲೇ ಕೇಳಿಕೊಂಡು ಎಫ್ ಕಾಲಾಳನ್ನು ಎರಡು ಮನೆ ಮುಂದೆ ಇಟ್ಟರು. ನಾನು ರಾಣಿ ಎಲ್ಲಿಗೆ ಓಡಿಸಲಿ ಅಂತ ನೋಡುತ್ತಿದ್ದೆ. ಒಳಗಿನಿಂದ ಊಟಕ್ಕೆ ಕರೆದರು. ಮೇಷ್ಟ್ರು ಏಳಲಿಲ್ಲ.

"ಮುಂದಿನ ವಾರ ನಾಲ್ಕನೇ ನಡೆಗೇ ಡಿ5ರಲ್ಲಿ ಹೊಡೆದುಬಿಡ್ತೀನಿ ನೋಡು" ಅಂದರು. ಹಾಗೆ ಹೊಡೆದರೆ ನನ್ನ ಇ ಕಾಲಾಳು ಡಿ5ಕ್ಕೆ ಹೋಗುತ್ತದೆ, ಸಿ8ರ ಒಂಟೆಗೆ ಮೊದಲೇ ದಾರಿ ಬಿಡುಗಡೆ. ನನಗೆ ಒಳ್ಳೆಯದಲ್ವಾ ಅಂದೆ. ಅವರು ಬೋರ್ಡಿನ ಎಡಗಡೆ ತೋರಿಸಿದರು. ಅಲ್ಲಿ ಅವರ ಎ, ಬಿ ಕಾಲಾಳು ಎರಡೇ, ನನ್ನವು ಎ, ಬಿ, ಸಿ ಮೂರು. ಆ ಎರಡನ್ನು ಬಿ4, ಬಿ5 ಅಂತ ನನ್ನ ಮೂರರ ಮೇಲೆ ನುಗ್ಗಿಸಿ, ಕೊನೆಗೆ ನನ್ನ ಸಿ6ರಲ್ಲಿ ಒಂದು ಬಡಪಾಯಿ ಕಾಲಾಳನ್ನು ಉಳಿಸುವ ಉಪಾಯ ಅದು. ಮೈನಾರಿಟಿ ಅಟ್ಯಾಕ್ ಅನ್ನುತ್ತಾರೆ. ಒಂಟೆ ಹೊರಗಿರುತ್ತದೆ, ಆದರೆ ಕಾಯಬೇಕಾದ ಮನೆ ಒಳಗಿರುತ್ತದೆ. ಅದಕ್ಕೆ ಉತ್ತರ ಹುಡುಕಲು ನನಗೆ ಇನ್ನು ಆರು ದಿನ ಇದೆ.